ನಾರು ಬೇಕಾಗಿರುವುದು ಯಾರಿಗೆ?

ನಮ್ಮ ಮನೆ ಹಿಂದಿನ ಬಸರಿ ಮರಕ್ಕೆ ಎರಡು ಬಗೆಯ ನೆಂಟರು ಬರುತ್ತಾರೆ. ಮುಸುವಗಳ ಹಿಂಡು ಬಂದ ದಿನ ಅಂಥ ಗಲಾಟೆ ಇರುವುದಿಲ್ಲ. ಕಪ್ಪು ಮುಖದವು ಉದ್ದ ಬಾಲ ಇಳಿಬಿಟ್ಟುಕೊಂಡು ಕೊಂಬೆ ಮೇಲೆ ಕೂತು ಚಿಗುರು ಮುರಿದು ಮುರಿದು ತಿನ್ನುತ್ತವೆ. ಆಮೇಲೆ ಹೊಟ್ಟೆ ಮುಂದಕ್ಕೆ ಚಾಚಿ ಗಂಟೆಗಟ್ಟಲೆ ಸುಮ್ಮನೆ ಕೂತಿರುತ್ತವೆ. ಮಂಗಗಳು ಬಂದ ದಿನದ ಕತೆಯೇ ಬೇರೆ. ಬಾಳೆಗೊನೆ ಹೋಯಿತು, ಅಡಿಗೆಮನೆ ಕಿಟಕಿ ಹತ್ತಿರ ಇಟ್ಟ ಬೆಲ್ಲದ ಡಬ್ಬಿಯೂ ಹೋಯಿತು. ಎರಡು ಕೆನ್ನೆಯ ಚೀಲಕ್ಕೂ ಸಿಕ್ಕಿದ್ದನ್ನೆಲ್ಲ ತುರುಕಿಕೊಂಡು ಓಡುವುದೇ ಅವುಗಳ ಕೆಲಸ.

ಮರ ಒಂದೇ ಆದರೂ ಹೊಟ್ಟೆಗಳು ಬೇರೆ. ಮುಸುವದ ಜಠರ ಒಂದೇ ಚೀಲವಲ್ಲ, ಅದರಲ್ಲಿ ಹಲವು ಕೋಣೆಗಳಿವೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಹುಲ್ಲು ಹುದುಗುವ ಹಾಗೆ ಇದರ ಜಠರದಲ್ಲಿ ಎಲೆ ಹುದುಗುತ್ತದೆ. ಹುದುಗಿಸುವ ಕೆಲಸ ಮುಸುವದ್ದಲ್ಲ, ಒಳಗೆ ವಾಸವಿರುವ ಸೂಕ್ಷ್ಮಜೀವಿಗಳದ್ದು. ಊಟವಾದ ಮೇಲೆ ಅದು ಹಾಗೆ ಧ್ಯಾನಕ್ಕೆ ಕೂತಂತೆ ಕೂರುವುದು ಸೋಮಾರಿತನದಿಂದಲ್ಲ. ಎಲೆಯಿಂದ ಸಿಗುವ ಶಕ್ತಿ ಕಡಿಮೆ, ಸಿಗುವುದೂ ನಿಧಾನ. ಮಂಗದ ಜಠರ ನಮ್ಮದರಂತೆ ಒಂದೇ ಚೀಲ. ಅದಕ್ಕೆ ಹಣ್ಣು, ಬೀಜ, ಗಡ್ಡೆ, ಹುಳ, ನಮ್ಮ ಬೆಲ್ಲ ಎಲ್ಲ ಆದೀತು; ಬರೀ ಎಲೆ ತಿಂದುಕೊಂಡು ಮುಸುವದಂತೆ ಬದುಕುವುದು ಆಗದು.

ನಾವು ಯಾರ ಕಡೆ? ಮನುಷ್ಯನಿಗೆ ನಾರು ಬೇಕೇ ಬೇಡವೇ ಎನ್ನುವ ಜಗಳ ಇಲ್ಲಿಂದಲೇ ಶುರುವಾಗುತ್ತದೆ. ನಾರು ಬೇಕೇ ಬೇಕು, ನಮ್ಮ ಪೂರ್ವಜರು ದಿನಕ್ಕೆ ನೂರು ಗ್ರಾಂ ತಿನ್ನುತ್ತಿದ್ದರು ಎನ್ನುವುದು ಒಂದು ಗುಂಪು. ಜೀರ್ಣವೇ ಆಗದ ವಸ್ತು ನಮಗೇಕೆ, ಮಾಂಸ ತಿಂದೇ ನಮ್ಮ ಮಿದುಳು ಬೆಳೆದಿದ್ದು ಎನ್ನುವುದು ಇನ್ನೊಂದು ಗುಂಪು. ಇಬ್ಬರೂ ವಿಕಾಸದ ಹೆಸರು ಹೇಳಿಯೇ ವಾದಿಸುತ್ತಾರೆ. ಇಬ್ಬರ ವಾದದಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಎಲ್ಲಿದೆ ಎಂದು ಹುಡುಕುತ್ತ ಹೋದರೆ ಕೊನೆಗೆ ಹಾಲು ಕುಡಿಯುವ ಕೂಸಿನ ಹತ್ತಿರ ಬಂದು ನಿಲ್ಲಬೇಕಾಗುತ್ತದೆ.

ಮೊದಲು ನಾರು ಎಂದರೇನು ಎನ್ನುವುದು ಸ್ಪಷ್ಟವಾಗಲಿ. ನುಗ್ಗೆಕಾಯಿ ಅಗಿದು ಉಗುಳುವಾಗ ಬಾಯಲ್ಲಿ ಉಳಿಯುವ ಚರಟ ನಾರು, ಸರಿ. ಆದರೆ ಬೆಂಡೆಕಾಯಿಯ ಲೋಳೆಯೂ ನಾರೇ. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವಂತೆ ಮಾಡುವ ಪೆಕ್ಟಿನ್, ಈರುಳ್ಳಿ ಬೆಳ್ಳುಳ್ಳಿಯ ಇನ್ಯುಲಿನ್, ಹುರುಳಿ ಅವರೆ ತಿಂದ ಸಂಜೆ ಹೊಟ್ಟೆ ಗುಡುಗುಡು ಎನ್ನಿಸುವ ಸಕ್ಕರೆಗಳು, ಇವೂ ನಾರಿನ ಲೆಕ್ಕಕ್ಕೇ ಸೇರುತ್ತವೆ. ನಮ್ಮ ಸಣ್ಣ ಕರುಳಿನಲ್ಲಿ ಒಡೆಯದೆ ದೊಡ್ಡ ಕರುಳಿಗೆ ಹೋಗಿ ಬೀಳುವ ಸಸ್ಯಮೂಲದ ಪಿಷ್ಟ, ಸಕ್ಕರೆಗಳ ಸರಪಳಿಗಳೆಲ್ಲ ನಾರು ಎಂದು ಇಟ್ಟುಕೊಂಡರೆ ಹೆಚ್ಚು ತಪ್ಪಾಗದು. ಅಂದರೆ ಇದು ಒಂದು ವಸ್ತುವಿನ ಹೆಸರಲ್ಲ, ನಮ್ಮ ಅಸಾಮರ್ಥ್ಯಕ್ಕೆ ಇಟ್ಟ ಹೆಸರು.

ಆ ಅಸಾಮರ್ಥ್ಯ ಎಂಥದ್ದು ನೋಡಿ. ಅಕ್ಕಿಯ ಪಿಷ್ಟವೂ ಹತ್ತಿಯ ಎಳೆಯೂ ಗ್ಲೂಕೋಸ್ ಮಣಿಗಳನ್ನೇ ಪೋಣಿಸಿದ ಸರಗಳು. ಪಿಷ್ಟದಲ್ಲಿ ಎಲ್ಲ ಮಣಿಗಳೂ ಒಂದೇ ಮಗ್ಗುಲಿಗೆ ಮುಖ ಮಾಡಿವೆ. ಹತ್ತಿಯ ಸೆಲ್ಯುಲೋಸ್‌ನಲ್ಲಿ ಒಂದು ಬಿಟ್ಟು ಒಂದು ತಲೆಕೆಳಗು. ಇಷ್ಟೇ ವ್ಯತ್ಯಾಸ. ನಮ್ಮ ಕಿಣ್ವದ ಕತ್ತರಿ ಮೊದಲನೆಯ ಬಗೆಯ ಕೊಂಡಿಯನ್ನು ಕತ್ತರಿಸುತ್ತದೆ, ಎರಡನೆಯದನ್ನು ಮುಟ್ಟಲಾರದು. ಆಹಾರದ ಸಕ್ಕರೆ ಸರಪಳಿಗಳನ್ನು ಒಡೆಯಲು ಮನುಷ್ಯನ ಜೀನೋಮಿನಲ್ಲಿರುವ ಕಿಣ್ವಗಳು ಹೆಚ್ಚೆಂದರೆ 17. ನಮ್ಮ ಕರುಳಿನ ಒಂದೇ ಒಂದು ಬ್ಯಾಕ್ಟೀರಿಯಾ, ಬ್ಯಾಕ್ಟೀರಾಯ್ಡಿಸ್ ಥೀಟಯೋಟವೋಮೈಕ್ರಾನ್ ಎಂಬ ನಾಲಿಗೆ ತಿರುಗದ ಹೆಸರಿನದು, ಇಂಥ ಕತ್ತರಿಗಳನ್ನು 200ಕ್ಕೂ ಹೆಚ್ಚು ಇಟ್ಟುಕೊಂಡಿದೆ. ನಮ್ಮ ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಎಂದು 2016ರ ಒಂದು ಲೆಕ್ಕ ಹೇಳುತ್ತದೆ. ಬಹುಪಾಲು ದೊಡ್ಡ ಕರುಳಿನಲ್ಲೇ ಬಿಡಾರ ಹೂಡಿವೆ.

ಈಗ ನಮ್ಮ ಹತ್ತಿರದ ನೆಂಟರ ಹೊಟ್ಟೆಗೆ ಬರೋಣ. ಗೊರಿಲ್ಲಾ ಹಗಲೆಲ್ಲ ಎಲೆ, ಕಾಂಡ, ಕಾಡಿನ ಹಣ್ಣು ಮೆಲ್ಲುತ್ತದೆ. ಮುಸುವದ ಹಾಗೆ ಜಠರದಲ್ಲಿ ಹುದುಗಿಸುವ ಏರ್ಪಾಡು ಅದಕ್ಕಿಲ್ಲ. ದೊಡ್ಡ ಕರುಳೇ ಅದರ ಹುದುಗುವ ಹಂಡೆ. ಪಶ್ಚಿಮ ತಗ್ಗುನಾಡಿನ ಗೊರಿಲ್ಲಾ ತನಗೆ ಸಿಗುವ ಶಕ್ತಿಯಲ್ಲಿ ಸುಮಾರು ಶೇಕಡಾ 57ರಷ್ಟನ್ನು ಹೀಗೆ ನಾರು ಹುದುಗಿಸಿಯೇ ಪಡೆಯುತ್ತದೆ ಎಂದು 1997ರಲ್ಲಿ ಅಂದಾಜಿಸಿದ್ದರು. ಎಲೆ ತಿನ್ನುವ ಈ ಪ್ರಾಣಿಯ ಮೈ ನಡೆಯುವುದು, ಲೆಕ್ಕ ಹಾಕಿದರೆ, ನಾರು ಹುದುಗಿದಾಗ ಹುಟ್ಟುವ ಕೊಬ್ಬಿನಾಮ್ಲಗಳ ಮೇಲೆ! ಮನುಷ್ಯನಿಗೆ ಇದೇ ದಾರಿಯಲ್ಲಿ ಸಿಗುವುದು ಶೇಕಡಾ 10ರೊಳಗೆ.

ಕಾರಣ ಒಳಗಿನ ಜಾಗದ ಹಂಚಿಕೆಯಲ್ಲೇ ಕಾಣುತ್ತದೆ. ಗೊರಿಲ್ಲಾ, ಚಿಂಪಾಂಜಿಯಂಥ ವಾನರಗಳ ಕರುಳಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ದೊಡ್ಡ ಕರುಳಿಗೆ ಹೋಗುತ್ತದೆ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಸಣ್ಣ ಕರುಳಿಗೆ, ದೊಡ್ಡ ಕರುಳಿಗೆ ಐದರಲ್ಲೊಂದು ಪಾಲು. ಕ್ಯಾಥರಿನ್ ಮಿಲ್ಟನ್ ಎಂಬ ಮಾನವಶಾಸ್ತ್ರಜ್ಞೆ ಈ ಹೋಲಿಕೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಮ್ಮ ವಂಶ ಚಿಂಪಾಂಜಿಗಳಿಂದ ಬೇರೆಯಾಗಿ ಸುಮಾರು 60–70 ಲಕ್ಷ ವರ್ಷಗಳಾದವು. ಈ ಅವಧಿಯಲ್ಲಿ ಎಲ್ಲೋ ನಮ್ಮ ಹುದುಗುವ ಹಂಡೆ ಕುಗ್ಗಿತು. 1995ರಲ್ಲಿ ಲೆಸ್ಲೀ ಐಯೆಲ್ಲೊ ಮತ್ತು ಪೀಟರ್ ವೀಲರ್ ಒಂದು ಊಹೆ ಮುಂದಿಟ್ಟರು: ಮಿದುಳೂ ಕರುಳೂ ಎರಡೂ ಖರ್ಚಿನ ಅಂಗಗಳು, ಒಂದನ್ನು ಸಾಕಲು ಇನ್ನೊಂದರ ಖರ್ಚು ಕಡಿಮೆ ಮಾಡಬೇಕಾಯಿತು. ಇತರ ಪ್ರಾಣಿಗಳಲ್ಲಿ ಪರೀಕ್ಷಿಸಿದಾಗ ಈ ಊಹೆ ಎಲ್ಲ ಕಡೆ ನಿಲ್ಲಲಿಲ್ಲ. ಆದರೆ ನಮ್ಮ ಆಹಾರ ಒಂದು ಕಾಲದಲ್ಲಿ ಮೆತ್ತಗಾಯಿತು, ಸಾರವತ್ತಾಯಿತು ಎನ್ನುವುದರಲ್ಲಿ ತಕರಾರಿಲ್ಲ. ಮಾಂಸ, ಮಜ್ಜೆ, ಕಲ್ಲಿನಿಂದ ಜಜ್ಜಿದ ಗಡ್ಡೆ, ಆಮೇಲೆ ಬೆಂಕಿ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಸುಮಾರು 10 ಲಕ್ಷ ವರ್ಷ ಹಳೆಯ ಬೂದಿ ಸಿಕ್ಕಿದೆ. ಬೇಯಿಸುವುದೆಂದರೆ ಹೊಟ್ಟೆಯ ಅರ್ಧ ಕೆಲಸವನ್ನು ಒಲೆಗೆ ವಹಿಸುವುದು.

ಮಾಂಸಾಹಾರ ಪಕ್ಷದವರ ವಾದದಲ್ಲಿ ನಿಜ ಇಷ್ಟಿದೆ. ಹೊಟ್ಟೆ ತುಂಬಲು, ಮೈ ನಡೆಯಲು ನಮಗೆ ನಾರು ಅನಿವಾರ್ಯವಲ್ಲ; ಗೊರಿಲ್ಲಾಗೆ ಅನಿವಾರ್ಯ. ಇದಕ್ಕೆ ಕಣ್ಣಾರೆ ಕಂಡ ಪುರಾವೆಯೂ ಇದೆ. ವಿಲ್ಯಾಲ್ಮರ್ ಸ್ಟೆಫಾನ್ಸನ್ ಎಂಬ ಉತ್ತರ ಧ್ರುವ ಪ್ರದೇಶದ ಅನ್ವೇಷಕ ಇನ್ಯುಯಿಟ್ ಜನರೊಡನೆ ವರ್ಷಗಟ್ಟಲೆ ಇದ್ದು ಮಾಂಸ ಮೀನು ತಿಂದೇ ಬದುಕಿ ಬಂದ. ಯಾರೂ ನಂಬಲಿಲ್ಲ. ಹಾಗಾಗಿ 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಆತನೂ ಗೆಳೆಯ ಕಾರ್ಸ್ಟನ್ ಆಂಡರ್ಸನ್‌ನೂ ವೈದ್ಯರ ನಿಗಾದಲ್ಲಿ ಒಂದು ವರ್ಷದ ಮಾಂಸದೂಟ ಶುರುಮಾಡಿದರು. ಮೊದಮೊದಲು ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಬರೀ ಮಾಂಸ ಕೊಟ್ಟರು. ಎರಡು ಮೂರು ದಿನಕ್ಕೇ ಹೊಟ್ಟೆ ಕೆಟ್ಟು ಮಲಗಿದ. ಕೊಬ್ಬು ಸೇರಿಸಿದ ಕೂಡಲೇ ಎದ್ದು ಕೂತ. ವರ್ಷ ಮುಗಿದಾಗ ಇಬ್ಬರೂ ನೆಟ್ಟಗಿದ್ದರು, ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಬರಲಿಲ್ಲ, ಮಲಬದ್ಧತೆಯ ಗೋಳೂ ಇರಲಿಲ್ಲ.

ವಿಟಮಿನ್ ಸಿ ಇಲ್ಲದೆ ಕೆಲವು ತಿಂಗಳಲ್ಲಿ ವಸಡಿನಿಂದ ರಕ್ತ ಬರುತ್ತದೆ. ಅಯೋಡಿನ್ ಇಲ್ಲದಿದ್ದರೆ ಗಂಟಲು ಊದುತ್ತದೆ. ನಾರು ಇಲ್ಲದಿದ್ದರೆ ಬರುವ ಕಾಯಿಲೆ ಇದೇ ಎಂದು ಬೆಟ್ಟು ಮಾಡಿ ತೋರಿಸುವಂಥದ್ದು ಯಾವುದೂ ಇಲ್ಲ. ಆ ಅರ್ಥದಲ್ಲಿ ನಾರು ಅತ್ಯಗತ್ಯ ಪೋಷಕಾಂಶವಲ್ಲ, ಪೌಷ್ಟಿಕ ವಿಜ್ಞಾನಿಗಳೂ ಅದನ್ನು ಆ ಪಟ್ಟಿಗೆ ಸೇರಿಸಿಲ್ಲ.

ಇಲ್ಲಿಗೆ ಪ್ರಶ್ನೆ ಮುಗಿಯಿತೆಂದು ಎದ್ದು ಹೋಗುವವರೇ ಹೆಚ್ಚು. ಆದರೆ ಒಂದು ವರ್ಷ ಇಬ್ಬರು ಬದುಕಿದ್ದು ಏನನ್ನು ಹೇಳುತ್ತದೆ? ಒಂದು ವರ್ಷ ಬದುಕಬಹುದು ಎನ್ನುವುದನ್ನು. ವಿಕಾಸಕ್ಕೂ ನಾವು ಅರುವತ್ತೈದರ ಪ್ರಾಯದಲ್ಲಿ ಹೇಗಿರುತ್ತೇವೆ ಎನ್ನುವ ಚಿಂತೆ ಅಷ್ಟಾಗಿಲ್ಲ. ಮಕ್ಕಳು ಹುಟ್ಟಿ, ಬೆಳೆದು, ದಾರಿ ಹಿಡಿದರೆ ಅದರ ಕೆಲಸ ಬಹುಮಟ್ಟಿಗೆ ಮುಗಿಯಿತು. ದೊಡ್ಡ ಕರುಳಿನ ಕ್ಯಾನ್ಸರ್, ಹೃದಯದ ಕಾಯಿಲೆ ಬರುವುದು ಹೆಚ್ಚಾಗಿ ಆಮೇಲೆಯೇ. ಪೂರ್ವಜರು ತಿಂದರು, ಹಾಗಾಗಿ ನಮಗೆ ಒಳ್ಳೆಯದು ಎಂಬ ವಾದವೂ ಇದೇ ಕಲ್ಲಿಗೆ ಎಡವುತ್ತದೆ. ಅವರು ಸಿಕ್ಕಿದ್ದನ್ನು ತಿಂದರು.

ಸಿಕ್ಕಿದ್ದು ಏನು ಎನ್ನುವುದು ಮಾತ್ರ ಕುತೂಹಲದ ಸಂಗತಿ. ತಾಂಜಾನಿಯಾದ ಎಯಾಸಿ ಸರೋವರದ ಸುತ್ತ ಇರುವ ಹಡ್ಜಾ ಜನರಲ್ಲಿ ಕೆಲವರು ಇಂದಿಗೂ ಬೇಟೆ, ಜೇನು, ಗಡ್ಡೆ, ಕಾಡುಹಣ್ಣಿನ ಮೇಲೆ ಬದುಕುತ್ತಾರೆ. ಅವರು ದಿನಕ್ಕೆ 100ರಿಂದ 150 ಗ್ರಾಂ ನಾರು ತಿನ್ನುತ್ತಾರೆ ಎನ್ನುವ ಅಂಕಿ ಎಲ್ಲೆಲ್ಲೂ ಓಡಾಡುತ್ತದೆ. ನನಗೆ ಈ ಅಂಕಿಗಿಂತ ಅವರು ಗಡ್ಡೆ ತಿನ್ನುವ ಕ್ರಮ ಹೆಚ್ಚು ಹೇಳುತ್ತದೆ ಅನ್ನಿಸುತ್ತದೆ. ಹೆಂಗಸರು ಚೂಪು ಕೋಲಿನಿಂದ ನೆಲ ಅಗೆದು ಗಡ್ಡೆ ತೆಗೆದು, ಅಲ್ಲೇ ಬೆಂಕಿಯಲ್ಲಿ ತುಸು ಬಾಡಿಸಿ, ಸಿಪ್ಪೆ ಸುಲಿದು ಜಗಿಯುತ್ತಾರೆ. ರಸ, ಪಿಷ್ಟ ಒಳಗೆ ಹೋಗುತ್ತದೆ. ಕೊನೆಗೆ ಬಾಯಲ್ಲಿ ಉಳಿದ ನಾರಿನ ಉಂಡೆಯನ್ನು ಥೂ ಎಂದು ಉಗುಳುತ್ತಾರೆ, ನಾವು ಕಬ್ಬಿನ ಸಿಪ್ಪೆ ಉಗುಳಿದ ಹಾಗೆ. ನಾರು ಎಷ್ಟೇ ಪ್ರಾಚೀನ ಆಹಾರವಾಗಲಿ, ಸೌದೆಯಂಥ ನಾರನ್ನು ಯಾರೂ ಆಸೆಪಟ್ಟು ನುಂಗಿಲ್ಲ. ನುಂಗಿದ್ದು ಗಡ್ಡೆಯ ಒಳಗಿನ ಮೆತ್ತನೆಯ, ಹುದುಗಬಲ್ಲ ಭಾಗವನ್ನು.

ಹಳೆಯ ಕುರುಹುಗಳೂ ಅದನ್ನೇ ಹೇಳುತ್ತವೆ. ದಕ್ಷಿಣ ಆಫ್ರಿಕಾದ ಬಾರ್ಡರ್ ಗುಹೆಯಲ್ಲಿ 1,70,000 ವರ್ಷಗಳ ಹಿಂದೆ ಯಾರೋ ಹೈಪಾಕ್ಸಿಸ್ ಎಂಬ ಗಿಡದ ಗಡ್ಡೆಗಳನ್ನು ಸುಡಲು ಹೋಗಿ ಕೆಲವನ್ನು ಕರಕಲು ಮಾಡಿದ್ದಾರೆ. ಆ ಕರಕಲು ಇನ್ನೂ ಇದೆ. ಮಾಂಸವನ್ನೇ ತಿನ್ನುತ್ತಿದ್ದರು ಎಂದು ಹೆಸರಾದ ನಿಯಾಂಡರ್ತಾಲರ ಹಲ್ಲಿನ ಗಾರೆಯಲ್ಲಿ ಬೇಯಿಸಿದ ಪಿಷ್ಟದ ಕಣಗಳು ಸಿಕ್ಕಿವೆ. ಸ್ಪೇನಿನ ಎಲ್ ಸಾಲ್ಟ್‌ನಲ್ಲಿ ಸುಮಾರು 50,000 ವರ್ಷ ಹಿಂದಿನ ಅವರ ಮಲದಲ್ಲಿ ಮಾಂಸದ ಗುರುತಿನ ಜೊತೆಗೆ ಸಸ್ಯದ ಗುರುತೂ ಇತ್ತು. ಇನ್ಯುಯಿಟರೂ ಬರೀ ಮಾಂಸ ತಿಂದವರಲ್ಲ. ಬೇಸಿಗೆಯಲ್ಲಿ ಬೆರಿ ಹಣ್ಣು, ಬೇರು, ಕಡಲಕಳೆ, ಹಿಮಸಾರಂಗದ ಹೊಟ್ಟೆಯೊಳಗಿನ ಅರೆಜೀರ್ಣವಾದ ಕಲ್ಲುಹೂವನ್ನು ಕೂಡ ಬಿಡುತ್ತಿರಲಿಲ್ಲ. ನಾರು ಕಡಿಮೆ ಸಿಕ್ಕ ನಾಡುಗಳಿದ್ದವು. ತಲೆತಲಾಂತರ ಒಂದಿಷ್ಟೂ ಸಿಗದ ನಾಡು ಮಾತ್ರ ಇರಲಿಲ್ಲ ಎನ್ನಬಹುದು.

ವಿಕಾಸದಲ್ಲಿ ಒಂದು ವಿಚಿತ್ರ ಲೆಕ್ಕಾಚಾರವಿದೆ. ಯಾವುದು ಯಾವಾಗಲೂ ಸಿಗುತ್ತದೋ ಅದನ್ನು ಮೈ ತಾನೇ ತಯಾರಿಸುವುದನ್ನು ಬಿಡುತ್ತದೆ. ನಾಯಿ, ಹಸು, ಇಲಿ ಎಲ್ಲವೂ ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳುತ್ತವೆ. ನಮ್ಮ ವಂಶದಲ್ಲಿ ಆ ಜೀನ್ ಕೆಟ್ಟು 6 ಕೋಟಿ ವರ್ಷಗಳಷ್ಟಾಯಿತು. ಮರದ ತುಂಬ ಹಣ್ಣಿದ್ದಾಗ ಕೆಟ್ಟಿದ್ದು ಯಾರಿಗೂ ತಿಳಿಯಲೇ ಇಲ್ಲ. ಹಡಗು ಹತ್ತಿ ಒಣ ಬಿಸ್ಕತ್ತು ತಿಂದುಕೊಂಡು ತಿಂಗಳುಗಟ್ಟಲೆ ಹೋದವರಿಗೆ ತಿಳಿಯಿತು. ಇದೇ ರೀತಿ ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳು ತಯಾರಿಸುವ ವಸ್ತುಗಳು ಕೋಟ್ಯಂತರ ವರ್ಷ ಬಿಡದೆ ಬರುತ್ತಿದ್ದರೆ ಮೈ ಅವುಗಳ ಮೇಲೆ ಭಾರ ಹಾಕಿ ಕೂತಿರುವುದು ಸಹಜ. ಕೂತಿದೆಯೇ?

ಕೂತಿದೆ ಎನ್ನಲು ನನಗೆ ಸಿಕ್ಕ ಅತ್ಯಂತ ಗಟ್ಟಿ ಸಾಕ್ಷಿ ಯಾವ ಗುಹೆಯದ್ದೂ ಅಲ್ಲ, ಬಾಣಂತಿಯ ಎದೆಹಾಲಿನದು. ತಾಯಿಹಾಲಿನಲ್ಲಿ ನೀರು ಬಿಟ್ಟರೆ ಅತಿ ಹೆಚ್ಚು ಇರುವುದು ಲ್ಯಾಕ್ಟೋಸ್ ಸಕ್ಕರೆ, ಆಮೇಲೆ ಕೊಬ್ಬು. ಮೂರನೆಯ ಸ್ಥಾನ ಪ್ರೋಟೀನಿಗೆ ಎಂದೇ ಯಾರಾದರೂ ಊಹಿಸುತ್ತಾರೆ. ಅಲ್ಲ, ಅದು ಆಲಿಗೋಸ್ಯಾಕರೈಡ್ ಎಂಬ ಕಿರುಸರಪಳಿ ಸಕ್ಕರೆಗಳಿಗೆ ಸೇರಿದ್ದು. ಲೀಟರಿಗೆ 5ರಿಂದ 15 ಗ್ರಾಂ, ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ಇನ್ನೂ ಹೆಚ್ಚು. ನೂರಕ್ಕೂ ಮಿಕ್ಕಿ ಬಗೆಗಳಿವೆ. ಈ ಸಕ್ಕರೆಗಳನ್ನು ಕೂಸು ಜೀರ್ಣಿಸಿಕೊಳ್ಳಲಾರದು! ಅವನ್ನು ಒಡೆಯುವ ಕಿಣ್ವವೇ ಅದಕ್ಕಿಲ್ಲ. ಬಾಣಂತಿ ತನ್ನ ಮೈಯ ಸಾರ ಹಿಂಡಿ ತಯಾರಿಸಿದ್ದು ಮಗುವಿನ ಬಾಯಿಂದ ಇಳಿದು ಸಣ್ಣ ಕರುಳು ದಾಟಿ ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ.

ಅಲ್ಲಿ ಬೈಫಿಡೊಬ್ಯಾಕ್ಟೀರಿಯಂ ಇನ್‌ಫ್ಯಾಂಟಿಸ್ ಕಾದು ಕೂತಿರುತ್ತದೆ. ತಾಯಿಹಾಲಿನ ಈ ಸಕ್ಕರೆಗಳನ್ನು ಒಳಗೆಳೆದುಕೊಂಡು ಒಡೆಯಲು ಬೇಕಾದ ಜೀನುಗಳ ದೊಡ್ಡ ಕಟ್ಟೇ ಅದರಲ್ಲಿದೆ. ಅದು ತಿಂದು ಆಮ್ಲ ಬಿಡುತ್ತದೆ, ಕರುಳು ಹುಳಿಯಾಗುತ್ತದೆ, ಕಾಯಿಲೆ ತರುವ ಎಷ್ಟೋ ಕ್ರಿಮಿಗಳಿಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಹಸುವಿನ ಹಾಲಿನಲ್ಲಿ ಈ ಸಕ್ಕರೆಗಳು ತೀರ ಕಡಿಮೆ. ಚಿಂಪಾಂಜಿ, ಗೊರಿಲ್ಲಾ ಹಾಲಿನಲ್ಲಿ ಇವೆ, ಆದರೆ ಮನುಷ್ಯರ ಹಾಲಿನಲ್ಲಿರುವಷ್ಟು ಪ್ರಮಾಣ, ಇಷ್ಟು ಬಗೆ ಇಲ್ಲ.

ಹಾಲು ಸುಮ್ಮನೆ ಬರುವುದಿಲ್ಲ. ಮೊಲೆಯೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ಖರ್ಚು. ಬರಗಾಲ, ಹಸಿವು, ಕಾಯಿಲೆಗಳ ನಡುವೆ ಲಕ್ಷಾಂತರ ವರ್ಷ ನಡೆದು ಬಂದ ಒಂದು ವ್ಯವಸ್ಥೆಯಲ್ಲಿ ಮಗುವಿಗೆ ದಕ್ಕದ ವಸ್ತುವಿಗೆ ಇಷ್ಟು ಖರ್ಚು ಮಾಡುವುದು ಹುಚ್ಚುತನವಾಗಿದ್ದರೆ ಅದು ಯಾವತ್ತೋ ನಿಂತುಹೋಗುತ್ತಿತ್ತು. ನಿಂತಿಲ್ಲ, ಬೆಳೆದಿದೆ. ನಾರು ಎಂಬ ಪದ ಸಸ್ಯಕ್ಕೇ ಮೀಸಲು ಎಂದು ಯಾರಾದರೂ ಹಟ ಹಿಡಿದರೆ ಹಿಡಿಯಲಿ; ಕೆಲಸದ ಲೆಕ್ಕದಲ್ಲಿ ತಾಯಿಹಾಲಿನ ಈ ಸಕ್ಕರೆ ನಾರೇ. ಅಂದರೆ ಮನುಷ್ಯ ಹುಟ್ಟಿದ ಕೂಡಲೇ ತಿನ್ನುವ ಮೊದಲ ತುತ್ತಿನಲ್ಲೇ ಒಂದು ಪಾಲು ಕರುಳಿನ ಬಾಡಿಗೆದಾರರಾದ ಬ್ಯಾಕ್ಟೀರಿಯಾಗಳದ್ದು. ಲೇಖನದ ತಲೆಬರಹದಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲೇ ಇದೆ: ನಾರು ಬೇಕಾಗಿರುವುದು ಅವರಿಗೆ, ಅವರು ಬೇಕಾಗಿರುವುದು ನಮಗೆ.

ಏಕೆ ಬೇಕು? ನಾರು ಹುದುಗಿದಾಗ ಮುಖ್ಯವಾಗಿ ಮೂರು ಕಿರು ಕೊಬ್ಬಿನಾಮ್ಲಗಳು ಹುಟ್ಟುತ್ತವೆ: ಅಸಿಟೇಟ್, ಅಂದರೆ ವಿನೆಗರಿನ ಹುಳಿ, ಪ್ರೊಪಿಯೊನೇಟ್, ಮತ್ತು ಬ್ಯುಟಿರೇಟ್, ಹಳಸಿದ ಬೆಣ್ಣೆಗೆ ಮುಗ್ಗಲು ವಾಸನೆ ಕೊಡುವಂಥದ್ದು. ಈ ಮೂರನೆಯದೇ ನಮ್ಮ ಕತೆಯ ನಾಯಕ. ಮೈಯ ಉಳಿದ ಕಣಗಳು ರಕ್ತದಿಂದ ಊಟ ಪಡೆದರೆ ದೊಡ್ಡ ಕರುಳಿನ ಒಳಗೋಡೆಯ ಕಣಗಳು ಕರುಳಿನ ಒಳಗಿನಿಂದಲೇ ಉಣ್ಣುತ್ತವೆ. ಅವುಗಳ ಶಕ್ತಿಯಲ್ಲಿ ಸುಮಾರು ಶೇಕಡಾ 70ರಷ್ಟು ಬ್ಯುಟಿರೇಟ್‌ನಿಂದಲೇ ಎಂದು 1980ರ ಹೊತ್ತಿಗೇ ತಿಳಿದಿತ್ತು. ಬ್ಯುಟಿರೇಟ್ ಉರಿಸಲು ಆ ಕಣಗಳು ಆಮ್ಲಜನಕ ಖರ್ಚು ಮಾಡುತ್ತವೆ. ಹಾಗಾಗಿ ಕರುಳಿನೊಳಕ್ಕೆ ಆಮ್ಲಜನಕ ಸೋರುವುದಿಲ್ಲ, ಗಾಳಿಯಾಡಿದರೆ ಹಿಗ್ಗುವ ಸಾಲ್ಮೊನೆಲ್ಲಾದಂಥ ಕ್ರಿಮಿಗಳಿಗೆ ಅಲ್ಲಿ ಅನುಕೂಲವಾಗುವುದಿಲ್ಲ. ಈ ಆಮ್ಲಗಳನ್ನು ಗುರುತು ಹಿಡಿಯುವ ಗ್ರಾಹಕಗಳು ನಮ್ಮ ಕರುಳು, ಕೊಬ್ಬು, ರೋಗನಿರೋಧಕ ಕಣಗಳ ಮೇಲೆ ಇವೆ. 2013ರಲ್ಲಿ ಬೇರೆ ಬೇರೆ ತಂಡಗಳು ಇಲಿಗಳಲ್ಲಿ ಕಂಡುಕೊಂಡ ಹಾಗೆ, ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ಒಂದು ಬಗೆಯ ಬಿಳಿರಕ್ತಕಣಗಳು ಇವುಗಳಿಂದ ಹೆಚ್ಚುತ್ತವೆ. ಬೀಗ ನಮ್ಮ ಮೈಯಲ್ಲಿದೆ, ಕೀಲಿಕೈ ಬ್ಯಾಕ್ಟೀರಿಯಾದ ಕೈಯಲ್ಲಿ. ಇಂಥ ಏರ್ಪಾಡು ನಿನ್ನೆ ಮೊನ್ನೆ ಆಗುವಂಥದ್ದಲ್ಲ.

ಮಾಂಸಾಹಾರದ ಪಕ್ಷದವರು ಇಲ್ಲೊಂದು ಮಾತು ಹೇಳುತ್ತಾರೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಪಿಷ್ಟ ಬಿಟ್ಟು ಕೊಬ್ಬು ತಿಂದರೆ ರಕ್ತದಲ್ಲಿ ಕೀಟೋನುಗಳು, ಅಂದರೆ ಕೊಬ್ಬು ಒಡೆದಾಗ ಹುಟ್ಟುವ ಉರುವಲು, ಹೆಚ್ಚುತ್ತವೆ. ಅದರಲ್ಲೊಂದು ಬ್ಯುಟಿರೇಟ್‌ನ ಹತ್ತಿರದ ದಾಯಾದಿ, ಕರುಳಿನ ಕಣ ಅದನ್ನೂ ಉರಿಸಿಕೊಳ್ಳಬಲ್ಲದು. ನಿಜ. ಸ್ಟೆಫಾನ್ಸನ್ ನೆಟ್ಟಗಿದ್ದುದರಲ್ಲಿ ಇದಕ್ಕೂ ಪಾಲಿರಬಹುದು. ಆದರೆ ಹೀಗೆ ಹಿತ್ತಲ ಬಾಗಿಲಿನಿಂದ ಊಟ ಬಂದರೆ ಗೋಡೆಯ ಕಣಗಳಿಗೆ ಆಯಿತು, ಬಾಡಿಗೆದಾರರ ಹೊಟ್ಟೆಗೆ ಏನು?

ಅವು ಉಪವಾಸ ಕೂರುವುದಿಲ್ಲ. ಕರುಳಿನ ಗೋಡೆಗೆ ಒಳಗಿನಿಂದ ಒಂದು ಲೋಳೆಯ ಹೊದಿಕೆ ಇದೆ, ಅದೂ ಸಕ್ಕರೆ ಸರಪಳಿಗಳಿಂದಲೇ ತುಂಬಿದ್ದು. ಹೊರಗಿನಿಂದ ನಾರು ಬಾರದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಆ ಹೊದಿಕೆಯನ್ನೇ ಮೇಯಲು ಹೊರಡುತ್ತವೆ. 2016ರಲ್ಲಿ ಮಿಶಿಗನ್ ಮತ್ತು ಲಕ್ಸೆಂಬರ್ಗಿನ ವಿಜ್ಞಾನಿಗಳು ಮನುಷ್ಯರ ಕರುಳಿನ 14 ಬಗೆಯ ಬ್ಯಾಕ್ಟೀರಿಯಾಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ, ನಾರಿಲ್ಲದ ಊಟ ಕೊಟ್ಟರು. ಲೋಳೆಯ ಪದರ ತೆಳ್ಳಗಾಯಿತು. ಆಮೇಲೆ ಕರುಳಿಗೆ ಸೋಂಕು ತರುವ ಕ್ರಿಮಿಯೊಂದನ್ನು ಬಿಟ್ಟಾಗ ನಾರು ತಿಂದ ಇಲಿಗಳು ತಡೆದುಕೊಂಡವು, ತಿನ್ನದವು ಮಾರಕವಾಗಿ ನರಳಿದವು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸೊನೆನ್‌ಬರ್ಗ್ ದಂಪತಿಯ ತಂಡ ಇನ್ನೊಂದು ತೋರಿಸಿತು. ನಾರು ಕಡಿಮೆ ಕೊಟ್ಟು ಸಾಕಿದ ಇಲಿಯ ಕರುಳಿನಲ್ಲಿ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ. ನಾರು ಕೊಟ್ಟರೆ ಬಹಳಷ್ಟು ಮರಳುತ್ತವೆ. ಆದರೆ ಅದೇ ಕೊರತೆಯ ಊಟ ನಾಲ್ಕು ತಲೆಮಾರು ಮುಂದುವರಿದರೆ ಆಮೇಲೆ ಎಷ್ಟು ನಾರು ಕೊಟ್ಟರೂ ಮರಳುವುದಿಲ್ಲ. ತಾಯಿಯ ಬಳಿ ಇಲ್ಲದ್ದು ಮರಿಗೆ ಎಲ್ಲಿಂದ ಬರಬೇಕು? ಇಲಿಯ ಕತೆ ಇಲಿಯದು, ಮನುಷ್ಯರಿಗೆ ನೇರವಾಗಿ ಹಚ್ಚುವಂತಿಲ್ಲ. ಆದರೂ ಓದಿದಾಗ ನಾನು ಲೆಕ್ಕ ಹಾಕಿದೆ: ನಾಲ್ಕು ತಲೆಮಾರು ಎಂದರೆ ಮುತ್ತಜ್ಜಿಯಿಂದ ನನ್ನವರೆಗೆ.

ಇಷ್ಟಾದ ಮೇಲೆ ನಾರಿನ ಪಕ್ಷದವರ ಹುಳುಕನ್ನೂ ಹೇಳಬೇಕು. ಈ ಪಕ್ಷದ ಮೂಲಪುರುಷ ಡೆನಿಸ್ ಬರ್ಕಿಟ್ ಎಂಬ ಐರಿಶ್ ಶಸ್ತ್ರವೈದ್ಯ. ಉಗಾಂಡಾದಲ್ಲಿ ಎರಡು ದಶಕ ಕೆಲಸ ಮಾಡಿದವರು, ಮಕ್ಕಳ ಒಂದು ಕ್ಯಾನ್ಸರಿಗೆ ಅವರ ಹೆಸರೇ ಇದೆ. ಇಂಗ್ಲೆಂಡಿನಲ್ಲಿ ದಿನಬೆಳಗಾದರೆ ಕಾಣುವ ಕರುಳಿನ ಕಾಯಿಲೆಗಳು ಉಗಾಂಡಾದ ಹಳ್ಳಿಗರಲ್ಲಿ ಏಕಿಲ್ಲ ಎಂದು ಅವರಿಗೆ ಪ್ರಶ್ನೆ ಹುಟ್ಟಿತು. 1972ರಲ್ಲಿ ಸಂಗಡಿಗರ ಜೊತೆ ಮಲದ ತೂಕವನ್ನೇ ಅಳೆದು ಪ್ರಕಟಿಸಿದರು. ಉಗಾಂಡಾದ ಹಳ್ಳಿಗರದ್ದು ದಿನಕ್ಕೆ ಸರಾಸರಿ 470 ಗ್ರಾಂ, ತಿಂದದ್ದು ಹೊರಬರಲು ಒಂದೂವರೆ ದಿನ. ಬ್ರಿಟನ್ನಿನ ನೌಕಾಪಡೆಯವರದ್ದು ನೂರು ಗ್ರಾಂ ಆಸುಪಾಸು, ಹೊರಬರಲು ಮೂರು ದಿನಕ್ಕೂ ಮೀರಿ. ನಾರು ಪೊರಕೆಯಂತೆ ಗುಡಿಸಿ ಹೊರಹಾಕುತ್ತದೆ ಎಂಬ ಚಿತ್ರ ಜನರ ತಲೆಯಲ್ಲಿ ಕೂತಿದ್ದು ಆಗ. ಗೋಧಿ ತವುಡಿಗೆ ಅಂಗಡಿಯಲ್ಲಿ ಬೆಲೆ ಬಂತು.

ಆದರೆ ಪೊರಕೆ ಅಂದುಕೊಂಡಷ್ಟು ಗುಡಿಸಲಿಲ್ಲ. 2000ದಲ್ಲಿ ಅಮೆರಿಕದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು: ಒಂದರಲ್ಲಿ ನಾರು ಹೆಚ್ಚಿದ, ಕೊಬ್ಬು ಕಡಿಮೆಯ ಊಟ, ಇನ್ನೊಂದರಲ್ಲಿ ಗೋಧಿ ತವುಡು. ಕ್ಯಾನ್ಸರಿಗೆ ತಿರುಗಬಲ್ಲ ಗಂಟು ತೆಗೆಸಿಕೊಂಡವರ ಕರುಳಿನಲ್ಲಿ ಮತ್ತೆ ಗಂಟು ಏಳುವುದನ್ನು ಎರಡೂ ತಡೆಯಲಿಲ್ಲ. 2012ರಲ್ಲಿ ಮಲಬದ್ಧತೆಯಿಂದ ಬಳಲುತ್ತಿದ್ದ 63 ಮಂದಿಯ ಒಂದು ಸಣ್ಣ ಅಧ್ಯಯನದಲ್ಲಿ ನಾರನ್ನು ಪೂರ್ತಿ ಬಿಟ್ಟವರಿಗೇ ಹೆಚ್ಚು ಆರಾಮವಾಯಿತು. ಇದು ನಂಬಲಾಗದ್ದೇನಲ್ಲ, ರಸ್ತೆಯಲ್ಲಿ ವಾಹನ ಸಿಕ್ಕಿಕೊಂಡಾಗ ಇನ್ನಷ್ಟು ವಾಹನ ಬಿಟ್ಟರೆ ದಾರಿ ತೆರೆಯುವುದಿಲ್ಲ. ಮಲಬದ್ಧತೆ ಎಂದ ಕೂಡಲೇ ಎಲ್ಲರಿಗೂ ಇಸಬ್‌ಗೋಲ್ ಕದಡಿ ಕುಡಿಸುವ ನಮ್ಮ ಅಭ್ಯಾಸ ಎಲ್ಲರಿಗೂ ಸರಿಹೋಗುವುದಿಲ್ಲ.

ಹಾಗಂತ ಬರ್ಕಿಟ್ ಸೋತರೇ? ಇಲ್ಲ. 2019ರಲ್ಲಿ 185 ದೀರ್ಘಕಾಲದ ಅಧ್ಯಯನಗಳನ್ನೂ 58 ಪ್ರಯೋಗಗಳನ್ನೂ ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ 25–29 ಗ್ರಾಂ ನಾರು ತಿನ್ನುವವರಲ್ಲಿ ಹೃದಯದ ಕಾಯಿಲೆ, ಮಧುಮೇಹ, ಕರುಳಿನ ಕ್ಯಾನ್ಸರು, ಒಟ್ಟು ಸಾವು ಎಲ್ಲವೂ ಕಡಿಮೆ ತಿನ್ನುವವರಿಗಿಂತ ಶೇಕಡಾ 15ರಿಂದ 30ರಷ್ಟು ಕಡಿಮೆ ಇದ್ದವು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ಕನಿಷ್ಠ 25 ಗ್ರಾಂ ಎಂದದ್ದು ಇಂಥ ಆಧಾರದ ಮೇಲೆ. ಈ ಲೆಕ್ಕದಲ್ಲೂ ಒಂದು ಸಿಕ್ಕಿದೆ: ಕಾಳು, ಸೊಪ್ಪು ಹೆಚ್ಚು ತಿನ್ನುವವರು ಸಾಮಾನ್ಯವಾಗಿ ಬೀಡಿ ಸಿಗರೇಟು ಕಡಿಮೆ ಸೇದುತ್ತಾರೆ, ಹೆಚ್ಚು ನಡೆಯುತ್ತಾರೆ. ಅದಕ್ಕೇ ನನಗೆ 2015ರ ಒಂದು ಪುಟ್ಟ ಪ್ರಯೋಗ ಹೆಚ್ಚು ಹಿಡಿಸುತ್ತದೆ. ಸ್ಟೀಫನ್ ಓಕೀಫ್ ಎಂಬ ವೈದ್ಯರ ತಂಡ ಅಮೆರಿಕದ 20 ಮಂದಿ ಕರಿಯರ ಊಟವನ್ನೂ ದಕ್ಷಿಣ ಆಫ್ರಿಕಾದ 20 ಮಂದಿ ಹಳ್ಳಿಗರ ಊಟವನ್ನೂ ಎರಡು ವಾರ ಅದಲು ಬದಲು ಮಾಡಿತು. ಅಮೆರಿಕದವರಿಗೆ ದಿನಕ್ಕೆ 55 ಗ್ರಾಂ ನಾರಿನ ಮೆಕ್ಕೆಜೋಳದ ಊಟ, ಹಳ್ಳಿಗರಿಗೆ 12 ಗ್ರಾಂ ನಾರಿನ ಬರ್ಗರು, ಕರಿದ ಆಲೂಗಡ್ಡೆ. ಎರಡೇ ವಾರದಲ್ಲಿ ಅಮೆರಿಕದವರ ಕರುಳಿನ ಬ್ಯುಟಿರೇಟ್ ಎರಡೂವರೆ ಪಟ್ಟಾಯಿತು, ಉರಿಯೂತದ ಗುರುತು ಇಳಿಯಿತು. ಹಳ್ಳಿಗರದ್ದು ಅರ್ಧಕ್ಕಿಳಿಯಿತು. ಅಲ್ಲಿ ಬದಲಾದದ್ದು ನಾರೊಂದೇ ಅಲ್ಲ, ಕೊಬ್ಬು ಮಾಂಸವೂ ಹೌದು. ಆದರೂ ಒಳಗಿನವರು ಎಷ್ಟು ಬೇಗ ಮಾತಾಡುತ್ತಾರೆ ನೋಡಿ.

ನಮ್ಮ ನೆಲದ ಲೆಕ್ಕ ಬೇರೆಯೇನಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಮುಖ್ಯವಾದವು ಕೊರಲೆ, ಹುರುಳಿ, ಹೆಸರು. ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿನವರ ಬಾಡಿಗೆದಾರರಿಗೆ ಊಟದ ಕೊರತೆ ಇದ್ದಿರಲಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂನ ಒಳಗೆ. ರಾಗಿಯಲ್ಲಿ ನಾರು ಉಳಿದಿದ್ದಕ್ಕೆ ನಮ್ಮ ಜಾಣತನ ಕಾರಣವಲ್ಲ. ಅಕ್ಕಿಯ ತವುಡು ಗಿರಣಿಯಲ್ಲಿ ಉಜ್ಜಿದರೆ ಹೋಗುತ್ತದೆ. ರಾಗಿಯ ಸಿಪ್ಪೆ ಒಳಗಿನ ಹಿಟ್ಟಿಗೆ ಗಟ್ಟಿಯಾಗಿ ಅಂಟಿಕೊಂಡಿದೆ, ಉಜ್ಜಲು ಹೋದರೆ ಕಾಳೇ ಪುಡಿಯಾಗುತ್ತದೆ. ಹಾಗಾಗಿ ಇಡಿಯಾಗಿ ಬೀಸುವುದೇ ಸುಲಭ. ಅನ್ನವನ್ನೂ ಪೂರ್ತಿ ಬೈಯುವಂತಿಲ್ಲ: ಬಿಸಿ ಅನ್ನ ಆರಿ ತಂಗಳಾದಾಗ ಅದರ ಪಿಷ್ಟದ ಒಂದು ಪಾಲು ಮತ್ತೆ ಬಿಗಿದುಕೊಂಡು ಸಣ್ಣ ಕರುಳಿನ ಕತ್ತರಿಗೆ ಸಿಗದೆ ಮುಂದಕ್ಕೆ ಹೋಗುತ್ತದೆ. ಅದಕ್ಕೆ ಮಜ್ಜಿಗೆ ಹಾಕಿ ಕಲಸಿದರೆ ಇನ್ನೂ ಒಳ್ಳೆಯದು. 2021ರ ಒಂದು ಪ್ರಯೋಗದಲ್ಲಿ ಕರುಳಿನ ಜೀವಿಗಳ ಬಗೆಗಳು ಹೆಚ್ಚಿದ್ದು ನಾರು ಹೆಚ್ಚು ತಿಂದವರಲ್ಲಲ್ಲ, ಮೊಸರಿನಂಥ ಹುದುಗಿದ ಆಹಾರ ತಿಂದವರಲ್ಲಿ.

ಬರೀ ಅನ್ನ ತಿನ್ನುತ್ತಿದ್ದವರು ಒಂದೇ ದಿನ ಹುರುಳಿ, ನವಣೆ, ಮೊಳಕೆಕಾಳು ಎಂದು ಹೊರಟರೆ ರಾತ್ರಿಯೆಲ್ಲ ಹೊಟ್ಟೆ ಉಬ್ಬರಿಸಿಕೊಂಡು ಹೊರಳಬೇಕಾಗುತ್ತದೆ. ಒಡೆಯಬಲ್ಲ ಜೀವಿಗಳು ಒಳಗೆ ಹೆಚ್ಚಲು ವಾರಗಟ್ಟಲೆ ಬೇಕು. ಹಳಬರು ಇದನ್ನು ಬಲ್ಲವರು ಅನ್ನಿಸುವುದು ನನಗೆ ನನ್ನ ಚಿಕ್ಕಮ್ಮ ರಾಗಿ ಸರಿ ಮಾಡುವಾಗ. ಆರೇಳು ತಿಂಗಳ ಕೂಸಿಗೆ ಹಾಲಿನ ಜೊತೆ ಮೊದಲ ಊಟ ಅದೇ. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೀರು ಹಾಕಿ ನುಣ್ಣಗೆ ರುಬ್ಬಿ, ಹಳೆಯ ಮಲ್ಲು ಪಂಚೆಯ ತುಂಡಿಗೆ ಸುರಿದು ಹಿಂಡುತ್ತಾರೆ. ಕೆಳಗೆ ಬಿಳಿ ಹಾಲು ಇಳಿಯುತ್ತದೆ, ಬಟ್ಟೆಯಲ್ಲಿ ಕೆಂಪು ಚರಟ ಉಳಿಯುತ್ತದೆ. ಹಾಲು ಕುದಿಸಿ ಮಗುವಿಗೆ. ಮಗುವಿನ ಅಣ್ಣನಿಗೆ, ಅಪ್ಪನಿಗೆ ಅದೇ ರಾಗಿಯ ಇಡೀ ಹಿಟ್ಟಿನ ಮುದ್ದೆ. ಬಟ್ಟೆಯಲ್ಲಿ ಉಳಿದ ಚರಟವನ್ನು ಚಿಕ್ಕಮ್ಮ ಕೈಯಲ್ಲೇ ಉಂಡೆ ಮಾಡಿಕೊಂಡು ಹಿತ್ತಲ ಬಾಗಿಲು ದಾಟಿ ಕೊಟ್ಟಿಗೆಗೆ ಹೋಗುತ್ತಾರೆ, ಗೌರಿ ಆಗಲೇ ನಾಲಿಗೆ ಚಾಚಿ ನಿಂತಿರುತ್ತಾಳೆ.